ಏಳು ಸೆಕೆಂಡಿನ ಪೆಟ್ಟು

ರೆಪ್ರಜೆಂಟ್ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಡ್ರಮ್ ಅಂಡ್ ಬಾಸ್ ತಂಡ. ಮುಂದಾಳು ರೋನಿ ಸೈಜ್. ಜೊತೆಗೆ ಕ್ರಸ್ಟ್, ಡಿಜೆ ಡೈ, ಸುವ್ ಎಂಬ ಮೂವರು ಡಿಜೆಗಳು, ಮೈಕ್ ಹಿಡಿಯಲು ಎಂಸಿ ಡೈನಮೈಟ್, ಹಾಡಲು ಆನಲೀ. ಇಷ್ಟೇ ಆಗಿದ್ದರೆ ಅದು ಆ ಕಾಲದ ಹತ್ತಾರು ಗುಂಪುಗಳಲ್ಲಿ ಒಂದಾಗಿರುತ್ತಿತ್ತು. ಆದರೆ ಇವರು ವೇದಿಕೆಯ ಮೇಲೆ ಸೈ ಜಾನ್ ಎಂಬ ಡಬಲ್ ಬಾಸ್ ವಾದಕನನ್ನೂ ಕ್ಲೈವ್ ಡೀಮರ್ ಎಂಬ ಡ್ರಮ್ಮರನ್ನೂ ತಂದು ಕೂರಿಸಿದರು. ಯಂತ್ರದಿಂದಲೇ ಹುಟ್ಟಿದ ಸಂಗೀತಕ್ಕೆ ಡ್ರಮ್ಮರ್ ಯಾಕೆ ಬೇಕು ಎಂಬ ಪ್ರಶ್ನೆಯಲ್ಲೇ ಈ ತಂಡದ ಸ್ವಾರಸ್ಯವೆಲ್ಲ ಇದೆ.

ಡ್ರಮ್ ಅಂಡ್ ಬಾಸ್‌ನಲ್ಲಿ ಎರಡು ವೇಗಗಳು ಒಟ್ಟಿಗೆ ಓಡುತ್ತವೆ. ಡ್ರಮ್ಮಿನ ನಡೆ ನಿಮಿಷಕ್ಕೆ ಸುಮಾರು 170 ಪೆಟ್ಟು. ಬಾಸ್ ಅದರ ಅರ್ಧ ವೇಗದಲ್ಲಿ ಸಾವಧಾನವಾಗಿ ಸಾಗುತ್ತದೆ. ನಮ್ಮ ಸಂಗೀತ ಪಾಠದ ಮಾತಿನಲ್ಲಿ ಹೇಳುವುದಾದರೆ ಬಾಸ್ ಒಂದನೇ ಕಾಲ, ಡ್ರಮ್ ಎರಡನೇ ಕಾಲ. ಕುಣಿಯುವವರು ಯಾವುದನ್ನಾದರೂ ಹಿಡಿಯಬಹುದು. ಬಾಸ್ ಬಂದದ್ದು ಜಮೈಕಾದ ಸೌಂಡ್ ಸಿಸ್ಟಂ ಪರಂಪರೆಯಿಂದ, ಕಿವಿಗಿಂತ ಮೊದಲು ಎದೆಗೂಡಿಗೆ ತಾಗುವಂಥದ್ದು.

ಡ್ರಮ್ಮಿನ ಮೂಲ ಬೇರೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ತಂಡ ‘ಅಮೆನ್, ಬ್ರದರ್’ ಎಂಬ ವಾದ್ಯಗೀತೆಯನ್ನು ಒಂದು ರೆಕಾರ್ಡಿನ ಹಿಂಬದಿಗೆ ಹಾಕಿತು. ಅದರ ನಡುವೆ ಉಳಿದವರೆಲ್ಲ ಸುಮ್ಮನಾಗಿ, ಗ್ರೆಗರಿ ಕೋಲ್ಮನ್ ಒಬ್ಬನೇ ನಾಲ್ಕು ಆವರ್ತ ಬಾರಿಸುತ್ತಾನೆ. ಇಡೀ ತುಣುಕು ಸುಮಾರು 7 ಸೆಕೆಂಡು. ಇಪ್ಪತ್ತು ವರ್ಷಗಳ ಮೇಲೆ ಲಂಡನ್, ಬ್ರಿಸ್ಟಲ್‌ಗಳ ಹುಡುಗರು ಅದನ್ನು ಸ್ಯಾಂಪ್ಲರ್ ಯಂತ್ರಕ್ಕೆ ಇಳಿಸಿಕೊಂಡರು. ಒಂದೊಂದು ಪೆಟ್ಟನ್ನೂ ಬೇರೆಬೇರೆಯಾಗಿ ಕತ್ತರಿಸಿ, ಒಂದೊಂದು ಗುಂಡಿಗೆ ಒಂದೊಂದನ್ನು ಕೊಟ್ಟು, ಹಿಂದುಮುಂದಾಗಿ ಜೋಡಿಸಿದರು. ವೇಗ ಹೆಚ್ಚಿಸಿದಾಗ ಶ್ರುತಿಯೂ ಏರುವುದರಿಂದ ಸ್ನೇರ್ ಡ್ರಮ್ಮಿನ ಚರ್ಮವನ್ನು ಇನ್ನೆರಡು ಸುತ್ತು ಬಿಗಿದಂತೆ ಕೇಳಿಸುತ್ತದೆ. ಸಾವಿರಾರು ಹಾಡುಗಳಲ್ಲಿ ಆ 7 ಸೆಕೆಂಡು ಸೇರಿಹೋಯಿತು. ಕೋಲ್ಮನ್‌ಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ಆತ 2006ರಲ್ಲಿ ಬಡತನದಲ್ಲೇ ತೀರಿಕೊಂಡ.

ಕೋಲ್ಮನ್ ಆ ಪೆಟ್ಟು ಬಾರಿಸಿದ ವರ್ಷವೇ ಬ್ರಿಸ್ಟಲ್‌ನ ಜಮೈಕನ್ ಮನೆಯೊಂದರಲ್ಲಿ ರಯನ್ ವಿಲಿಯಮ್ಸ್ ಹುಟ್ಟಿದ. ಇವನೇ ಮುಂದಿನ ರೋನಿ ಸೈಜ್. ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗನಿಗೆ ದಾರಿ ತೋರಿಸಿದ್ದು ಬೇಸ್‌ಮೆಂಟ್ ಪ್ರಾಜೆಕ್ಟ್ ಎಂಬ ಯುವಕೇಂದ್ರ. ಸಂಗೀತ ಕಟ್ಟುವ ಯಂತ್ರಗಳ ಪರಿಚಯ ಆದದ್ದು ಅಲ್ಲಿ. ಕ್ರಸ್ಟ್ ಮತ್ತು ಸುವ್ ಅಷ್ಟರಲ್ಲೇ ಫ್ರೆಶ್ 4 ಎಂಬ ಗುಂಪಿನಲ್ಲಿದ್ದು, 1989ರಲ್ಲಿ ‘ವಿಶಿಂಗ್ ಆನ್ ಎ ಸ್ಟಾರ್’ ಹಾಡಿನಿಂದ ಬ್ರಿಟನ್ನಿನ ಮೊದಲ ಹತ್ತರ ಪಟ್ಟಿ ಕಂಡಿದ್ದರು. 1993ರ ಹೊತ್ತಿಗೆ ಗೆಳೆಯರು ಫುಲ್ ಸೈಕಲ್ ಎಂಬ ಸ್ವಂತ ಲೇಬಲ್ ತೆರೆದರು. ಹೊಸ ಹಾಡು ಸಿದ್ಧವಾದರೆ ಮೊದಲು ಅಸಿಟೇಟ್ ತಟ್ಟೆಗೆ ಕೊರೆಸಿ ಕ್ಲಬ್ಬಿನಲ್ಲಿ ಹಾಕಿ ನೋಡುವುದು ಆಗಿನ ರೂಢಿ. ಡಬ್‌ಪ್ಲೇಟ್ ಎನ್ನುವ ಆ ತಟ್ಟೆ ಮೆತ್ತಗಿನದು. ಹತ್ತಾರು ಸಲ ಸೂಜಿ ಹರಿಯುವಷ್ಟರಲ್ಲಿ ಸವೆದುಹೋಗುತ್ತಿತ್ತು.

‘ನ್ಯೂ ಫಾರ್ಮ್ಸ್’ ಆಲ್ಬಂ 1997ರಲ್ಲಿ ಟಾಕಿನ್ ಲೌಡ್ ಲೇಬಲ್ಲಿನಿಂದ ಎರಡು ಸಿಡಿಗಳಾಗಿ ಬಂತು. ಅದರ ‘ಬ್ರೌನ್ ಪೇಪರ್ ಬ್ಯಾಗ್’ ಕೇಳಿದವರಿಗೆ ಮೊದಲು ನೆನಪಾಗುವುದು ಡಬಲ್ ಬಾಸ್. ಆಳೆತ್ತರದ ಮರದ ವಾದ್ಯದ ದಪ್ಪ ತಂತಿಯನ್ನು ಬೆರಳು ಎಳೆದು ಬಿಡುವ ಸದ್ದು, ಅದರ ಸುತ್ತ ಚಿಟಪಟ ಸಿಡಿಯುವ ಡ್ರಮ್ಮು. ಮರವೂ ಯಂತ್ರವೂ ಒಂದನ್ನೊಂದು ಕೆಣಕುತ್ತ ಒಂಬತ್ತು ನಿಮಿಷ ಕಳೆಯುತ್ತವೆ.

ಇದನ್ನು ಸಭೆಯ ಮುಂದೆ ಬಾರಿಸುವ ಹೊಣೆ ಡೀಮರ್‌ನದು. ಆತ ಹೊಸಬನಲ್ಲ, ಬ್ರಿಸ್ಟಲ್‌ನವರೇ ಆದ ಪೋರ್ಟಿಸ್‌ಹೆಡ್ ತಂಡದ 1994ರ ‘ಡಮ್ಮಿ’ಗೆ ಡ್ರಮ್ ನುಡಿಸಿದ್ದವನು. ಆದರೂ ಕೆಲಸ ಸುಲಭದ್ದಲ್ಲ. ಪೆಟ್ಟು ಜೋಡಿಸುವಾಗ ಸ್ಯಾಂಪ್ಲರಿಗೆ ಕೈಕಾಲುಗಳ ಲೆಕ್ಕವಿಲ್ಲ. ಮನುಷ್ಯನಿಗಿರುವುದು ಎರಡು ಕೈ, ಎರಡು ಕಾಲು. ಒಂದು ಕೈ ಹೈಹ್ಯಾಟ್ ತಾಳದ ಮೇಲೆ ಬಿಡುವಿಲ್ಲದೆ ಓಡುತ್ತಿರಬೇಕು. ಇನ್ನೊಂದು ಸ್ನೇರ್ ಮೇಲೆ ಜೋರಿನ ಪೆಟ್ಟು ಹಾಕಿ, ಮರುಕ್ಷಣ ಅದೇ ಕೋಲನ್ನು ಚರ್ಮಕ್ಕೆ ಸೋಕಿಸಿದಂತೆ ಎರಡು ಮೆಲುಪೆಟ್ಟು ಇಡಬೇಕು. ಕೇಳಿಯೂ ಕೇಳಿಸದಂಥ ಈ ಮೆಲುಪೆಟ್ಟುಗಳೇ ಲಯಕ್ಕೆ ಉರುಳುವ ಗುಣ ಕೊಡುವುದು. ಅವಿಲ್ಲದಿದ್ದರೆ ಉಳಿಯುವುದು ಗಡಿಬಿಡಿ ಮಾತ್ರ. ಒಬ್ಬ ಡ್ರಮ್ಮರನ ಬಾರಿಸುವಿಕೆಯನ್ನು ಯಂತ್ರ ಚೂರುಮಾಡಿತು. ಆ ಚೂರುಗಳ ಹೊಸ ಜೋಡಣೆಯನ್ನು ಇನ್ನೊಬ್ಬ ಡ್ರಮ್ಮರ್ ಮತ್ತೆ ಮಣಿಕಟ್ಟಿಗೆ ಕಲಿಸಿದ.

ಬ್ರಿಟನ್ನಿನಲ್ಲಿ ಆಲ್ಬಮ್ಮುಗಳಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ 1997ರ ಪಟ್ಟಿಯಲ್ಲಿ ರೇಡಿಯೊಹೆಡ್‌ನ ‘ಓಕೆ ಕಂಪ್ಯೂಟರ್’ ಇತ್ತು, ಪ್ರಾಡಿಜಿ ಇತ್ತು, ಸ್ಪೈಸ್ ಗರ್ಲ್ಸ್ ಕೂಡ ಇತ್ತು. ಗೆದ್ದದ್ದು ‘ನ್ಯೂ ಫಾರ್ಮ್ಸ್’. ಪ್ರಶಸ್ತಿಯ ಹಣವನ್ನು ಸೈಜ್ ಬೇಸ್‌ಮೆಂಟ್ ಪ್ರಾಜೆಕ್ಟ್‌ಗೆ ಕೊಟ್ಟ. ಎರಡು ವರ್ಷಗಳ ಬಳಿಕ ಅದೇ ಪ್ರಶಸ್ತಿ ಇದೇ ಲಯಗಳನ್ನು ತಬಲಾದೊಂದಿಗೆ ಬೆರೆಸಿದ ಲಂಡನ್ನಿನ ತಲ್ವಿನ್ ಸಿಂಗ್‌ನ ‘ಓಕೆ’ಗೆ ಸಂದಿತು.

2000ದ ‘ಇನ್ ದ ಮೋಡ್’ ಆಲ್ಬಮ್ಮಿಗೆ ಮೆಥಡ್ ಮ್ಯಾನ್, ಜ್ಯಾಕ್ ಡೆ ಲಾ ರೋಚಾ, ರಾಝೆಲ್‌ರಂಥ ಅಮೆರಿಕದ ದೊಡ್ಡ ಹೆಸರುಗಳು ಬಂದವು. ಅತಿಥಿಗಳು ಹೆಚ್ಚಿದಷ್ಟೂ ಮನೆಯವರ ದನಿ ಕಡಿಮೆಯಾಯಿತು ಎನ್ನಬೇಕು. ಆಮೇಲೆ ಸದಸ್ಯರು ತಮ್ಮತಮ್ಮ ದಾರಿ ಹಿಡಿದರು. 2008ರಲ್ಲಿ ತಂಡ ಮತ್ತೆ ಸೇರಿತು. ಹಳೆಯ ಆಲ್ಬಮ್ಮನ್ನೇ ತಿದ್ದಿ, ಹೊಸ ಹಾಡು ಸೇರಿಸಿ ‘ನ್ಯೂ ಫಾರ್ಮ್ಸ್ 2’ ಹೊರತಂದಿತು. ಮೊದಲ ಬಾರಿಯ ಸಂಭ್ರಮ ಅದಕ್ಕೆ ಸಿಗಲಿಲ್ಲ.

ಡೀಮರ್ ಮುಂದೆ ರೇಡಿಯೊಹೆಡ್‌ನ ಸಂಗೀತ ಕಛೇರಿಗಳಿಗೆ ಎರಡನೇ ಡ್ರಮ್ಮರ್ ಆಗಿ ಹೋದ. 1997ರಲ್ಲಿ ಬರಿಗೈಲಿ ಮರಳಿದ್ದ ತಂಡದ ಹಿಂದೆ ಕೂತು ಅವರ ಹಾಡುಗಳಿಗೆ ಅದೇ ಮೆಲುಪೆಟ್ಟುಗಳನ್ನು ಹಾಕಿದ.