ದಂಡಕೋಶಗಳು ಸತ್ತ ಮೇಲೆ

ಇಲಿಮರಿ ಹುಟ್ಟುವಾಗ ಕಣ್ಣು ಮುಚ್ಚಿಕೊಂಡೇ ಇರುತ್ತದೆ. ರೆಪ್ಪೆ ಬಿಡುವುದು ಹೆಚ್ಚುಕಡಿಮೆ ಎರಡು ವಾರಕ್ಕೆ. 'ಆರ್‌ಡಿ1' ಎಂಬ ತಳಿಯ ಮರಿಗಳಲ್ಲಿ ಅದಕ್ಕೂ ಮೊದಲೇ, ಎಂಟು ಹತ್ತು ದಿನಕ್ಕೆಲ್ಲ, ಮಂದ ಬೆಳಕಿನಲ್ಲಿ ಕಾಣಲು ಬೇಕಾದ ಅಕ್ಷಿಪಟಲದ ದಂಡಕೋಶಗಳು ಸಾಯತೊಡಗಿರುತ್ತವೆ. ಮೂರು ವಾರ ತುಂಬುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಆರೋಗ್ಯವಂತ ಇಲಿಯ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳ ನ್ಯೂಕ್ಲಿಯಸ್‌ಗಳು ಹತ್ತು ಹನ್ನೆರಡು ಸಾಲು ಒತ್ತೊತ್ತಾಗಿ ಜೋಡಿಸಿರುತ್ತವೆ. ಇಲ್ಲಿ ಉಳಿಯುವುದು ಒಂದೇ ಸಾಲು, ಅದೂ ಹೆಚ್ಚಾಗಿ ಹಗಲ ನೋಟದ ಶಂಕುಕೋಶಗಳದು.

ಹಾರ್ವರ್ಡ್‌ನ ಕ್ಲೈಡ್ ಕೀಲರ್ ಇಂಥ ಕಣ್ಣನ್ನು ಸೂಕ್ಷ್ಮದರ್ಶಕದಡಿ ಕಂಡು, 1924ರಲ್ಲಿ 'ದಂಡರಹಿತ ಅಕ್ಷಿಪಟಲ' ಎಂದು ವರದಿ ಮಾಡಿದರು. ಅದು ಮರಿಗಳಿಗೆ ಮೆಂಡೆಲ್ ನಿಯಮದಂತೆ ಇಳಿದು ಬರುತ್ತದೆ ಎಂದೂ ತೋರಿಸಿದರು. ಅವರ ಇಲಿಸಂತತಿ ಮುಂದೆ ಅಳಿದುಹೋಯಿತು. ಆದರೆ ಗಾಜಿನ ಪಟ್ಟಿಗಳ ಮೇಲಿನ ತೆಳುಪದರಗಳು ಉಳಿದಿದ್ದವು. ಎಪ್ಪತ್ತು ವರ್ಷ ಹಳೆಯ ಆ ಪದರಗಳಿಂದ 1993ರಲ್ಲಿ ಡಿಎನ್‌ಎ ತೆಗೆದು ನೋಡಿದಾಗ, ಆಗ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಇದ್ದ ಆರ್‌ಡಿ1 ಇಲಿಗಳ ದೋಷವೇ ಅಲ್ಲೂ ಸಿಕ್ಕಿತು. ಆ ಪ್ರಬಂಧದ ಲೇಖಕರಲ್ಲಿ ತೊಂಬತ್ತು ದಾಟಿದ ಕೀಲರ್ ಕೂಡ ಒಬ್ಬರು. ವಿಜ್ಞಾನದಲ್ಲಿ ಇಷ್ಟು ಉದ್ದದ ತಾಳ್ಮೆಗೆ ಫಲ ಸಿಗುವುದು ಅಪರೂಪ.

ದೋಷ ಇರುವುದು ಪಿಡಿಇ6ಬಿ ಎಂಬ ಜೀನ್‌ನಲ್ಲಿ. ಕತ್ತಲಲ್ಲಿ ದಂಡಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಅಣು ತುಂಬಿದ್ದು, ಕೋಶದ ಪೊರೆಯಲ್ಲಿನ ಕಿಂಡಿಗಳನ್ನು ತೆರೆದಿಟ್ಟಿರುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಒಳಗೆ ಬರುತ್ತಿರುತ್ತವೆ. ಬೆಳಕು ಬಿದ್ದೊಡನೆ ಒಂದು ಕಿಣ್ವ ಚುರುಕಾಗಿ ಆ ಅಣುವನ್ನು ಒಡೆಯುತ್ತದೆ, ಕಿಂಡಿಗಳು ಮುಚ್ಚುತ್ತವೆ. ಮಿದುಳಿಗೆ 'ಬೆಳಕು ಬಂತು' ಎಂಬ ಸುದ್ದಿ ಹೊರಡುವುದು ಈ ಮುಚ್ಚುವಿಕೆಯಿಂದಲೇ. ಆ ಕಿಣ್ವದ ಒಂದು ಭಾಗವನ್ನು ಕಟ್ಟುವ ಜೀನ್ ಕೆಟ್ಟಿರುವುದರಿಂದ ಆರ್‌ಡಿ1 ಇಲಿಯಲ್ಲಿ ಅಣು ಒಡೆಯುವವರೇ ಇಲ್ಲ. ಸೈಕ್ಲಿಕ್ ಜಿಎಂಪಿ ಹೀಗೆ ಶೇಖರವಾಗುವುದನ್ನು ಫಾರ್ಬರ್ ಮತ್ತು ಲಾಲಿ 1974ರಲ್ಲೇ ಅಳೆದಿದ್ದರು. ಕೋಶವನ್ನು ಕೊಲ್ಲುವುದು ಒಳನುಗ್ಗುವ ಕ್ಯಾಲ್ಸಿಯಮ್ಮೋ, ಆ ಅಣುವೇ ಕೆರಳಿಸುವ ಬೇರೊಂದು ಕಿಣ್ವವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಇದೇ ಜೀನ್‌ನ ಸೌಮ್ಯ ದೋಷವಿರುವ ತಳಿ ಆರ್‌ಡಿ10. ಇಲ್ಲಿ ಕಿಣ್ವ ಅರೆಬರೆ ಕೆಲಸ ಮಾಡುತ್ತದೆ. ಹಾಗಾಗಿ ಸಾವು ಶುರುವಾಗುವುದು ಮೂರನೆಯ ವಾರದಲ್ಲಿ. ಮರಿಗಳನ್ನು ಕತ್ತಲಲ್ಲೇ ಸಾಕಿದರೆ ಅದು ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಚಿಕಿತ್ಸೆ ಪರೀಕ್ಷಿಸುವವರಿಗೆ ಈ ತಳಿಯೇ ಇಷ್ಟ, ಏಕೆಂದರೆ ಆರ್‌ಡಿ1 ಇಲಿಯಲ್ಲಿ ಔಷಧಿ ಕೊಡಲು ಸಮಯವೇ ಸಿಗುವುದಿಲ್ಲ.

ದಂಡಕೋಶಗಳೆಲ್ಲವೂ ಒಂದೇ ದೋಷ ಹೊತ್ತು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು. ಬಾವಿಯ ಹಗ್ಗ ದಿನವೂ ಸವೆದು ಕೊನೆಗೊಮ್ಮೆ ತುಂಡಾಗುವಂತೆ ಇವೂ ಒಳಗೊಳಗೇ ಹಾಳಾಗುತ್ತ ಬಂದು, ಸುಮಾರಾಗಿ ಒಟ್ಟಿಗೇ ಸಾಯುತ್ತವೆ ಎಂದುಕೊಳ್ಳುವುದು ಸಹಜ. ಆದರೆ ಕ್ಲಾರ್ಕ್, ಮ್ಯಾಕಿನ್ಸ್ ಮತ್ತು ಸಂಗಡಿಗರು ಹಲವು ಬಗೆಯ ಅವನತಿಗಳ ಅಂಕಿಗಳನ್ನು ಜೋಡಿಸಿ 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬೇರೆಯದೇ ಲೆಕ್ಕ ಕೊಟ್ಟರು. ಒಂದು ಕೋಶ ಇವತ್ತು ಸಾಯುವ ಸಂಭವ ಎಷ್ಟಿದೆಯೋ ತಿಂಗಳ ನಂತರವೂ ಅಷ್ಟೇ, ಅಥವಾ ಇನ್ನೂ ಕಡಿಮೆ. ಅಂದರೆ ಇನ್ನೂ ಬದುಕಿರುವ ಕೋಶ ಅರ್ಧ ಸತ್ತ ಕೋಶವಲ್ಲ, ಸಾವಿನ ಸರದಿ ಅದಕ್ಕಿನ್ನೂ ಬಂದಿಲ್ಲ ಅಷ್ಟೇ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಮಾತು ಇದು. ರೋಗ ಬಹಳ ಮುಂದುವರಿದ ಮೇಲೂ ಉಳಿದ ಕೋಶಗಳನ್ನು ಕಾಪಾಡಲು ಹೊರಡುವುದರಲ್ಲಿ ಅರ್ಥವಿದೆ ಎಂಬುದು ಅದರ ಇಂಗಿತ.

ಮನುಷ್ಯರಲ್ಲಿ ಇದಕ್ಕೆ ಸಮನಾದ ಕಾಯಿಲೆ ರೆಟಿನೈಟಿಸ್ ಪಿಗ್ಮೆಂಟೋಸಾ, ಸುಮಾರು 4000 ಜನರಲ್ಲಿ ಒಬ್ಬರಿಗೆ. ಮೊದಲು ಇರುಳುಗುರುಡು. ಆಮೇಲೆ ನೋಟದ ಅಂಚುಗಳು ಕಿರಿದಾಗುತ್ತ, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಎಷ್ಟೋ ಕುಟುಂಬಗಳಲ್ಲಿ ತಂದೆತಾಯಿ ಇಬ್ಬರಿಂದಲೂ ಜೀನ್‌ನ ಕೆಟ್ಟ ಪ್ರತಿ ಬಂದಾಗಷ್ಟೇ ರೋಗ ಕಾಣಿಸುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ನಮ್ಮ ಕಡೆಯ ರೂಢಿ ಆ ಸಂಭವವನ್ನು ಹೆಚ್ಚಿಸುತ್ತದೆ. ಇಲಿಗಳಲ್ಲಿ ಈ ರಕ್ತಸಂಬಂಧ ಇನ್ನೂ ಹತ್ತಿರದ್ದು: ಪ್ರಯೋಗಾಲಯದ ಶುದ್ಧ ತಳಿಗಳು ಒಡಹುಟ್ಟಿದ ಇಲಿಗಳನ್ನೇ ಕನಿಷ್ಠ ಇಪ್ಪತ್ತು ತಲೆಮಾರು ಕೂಡಿಸಿ ಪಡೆದವು. ಹಾಗಾಗಿ ಸಿ3ಎಚ್, ಎಫ್‌ವಿಬಿಯಂಥ ಹೆಸರಾಂತ ತಳಿಗಳಲ್ಲಿ ಆರ್‌ಡಿ1 ದೋಷ ಬೇರೂರಿಬಿಟ್ಟಿದೆ. ಇದು ತಿಳಿಯದೆ ಗೋಡೆಯ ಗುರುತು ನೋಡಿ ದಾರಿ ಹುಡುಕುವ ಪರೀಕ್ಷೆಗೆ ಅವುಗಳನ್ನು ಬಿಟ್ಟರೆ, ಕಣ್ಣು ಕಾಣದ ಇಲಿ ನೆನಪಿಲ್ಲದ ಇಲಿ ಎನಿಸಿಕೊಳ್ಳುತ್ತದೆ.

ಹಗಲ ನೋಟ, ಬಣ್ಣ, ಅಕ್ಷರ, ಮುಖ ಎಲ್ಲವೂ ಶಂಕುಕೋಶಗಳ ಪಾಲು. ಇಲಿಯ ಬೆಳಕು ಹಿಡಿಯುವ ಕೋಶಗಳಲ್ಲಿ ಅವು ನೂರಕ್ಕೆ ಮೂರರಷ್ಟು ಮಾತ್ರ. ರೋಗಿಯ ಬದುಕನ್ನು ನಿಜಕ್ಕೂ ಕತ್ತಲಾಗಿಸುವುದು ಅವುಗಳ ಸಾವು. ಆದರೆ ಕೆಟ್ಟ ಜೀನ್ ಅವುಗಳಿಗೆ ಬೇಕೇ ಇಲ್ಲ! ಶಂಕುಕೋಶಗಳಿಗೆ ಅವುಗಳದೇ ಬೇರೆ ಕಿಣ್ವವಿದೆ. ಆದರೂ ದಂಡಕೋಶಗಳು ಹೋದ ಮೇಲೆ ಅವು ಮೊದಲು ತಮ್ಮ ಹೊರತುದಿ ಕಳೆದುಕೊಂಡು, ತಿಂಗಳುಗಟ್ಟಲೆ ಎಳೆದಾಡಿ ಸಾಯುತ್ತವೆ. ಯಾಕೆ?

ಉತ್ತರ ಎರಡು ಕಡೆಯಿಂದ ಬಂತು. ಪ್ಯಾರಿಸ್‌ನ ಲೆವೆಯ್ಯಾರ್ ಮತ್ತು ಸಾಹೆಲ್, ದಂಡಕೋಶಗಳು ಹೊರಬಿಡುವ ಒಂದು ಪ್ರೋಟೀನು ಶಂಕುಕೋಶಗಳನ್ನು ಬದುಕಿಸುತ್ತದೆ ಎಂದು 2004ರಲ್ಲಿ ತೋರಿಸಿದರು. ಅದು ಶಂಕುಕೋಶ ಗ್ಲೂಕೋಸ್ ಹೀರಿಕೊಳ್ಳಲು ನೆರವಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಹಾರ್ವರ್ಡ್‌ನ ಪುನ್ಜೊ ಮತ್ತು ಸೆಪ್ಕೊ ನಾಲ್ಕು ಬಗೆಯ ಇಲಿಗಳನ್ನು ಪರೀಕ್ಷಿಸಿ, ಸಾಯುತ್ತಿರುವ ಶಂಕುಕೋಶಗಳಲ್ಲಿ ಉಪವಾಸದ ಲಕ್ಷಣಗಳನ್ನು 2009ರಲ್ಲಿ ಕಂಡರು. ಇಲಿಗಳಿಗೆ ಇನ್ಸುಲಿನ್ ಚುಚ್ಚಿದಾಗ ಶಂಕುಕೋಶಗಳು ಇನ್ನಷ್ಟು ಕಾಲ ಉಳಿದವು. ಇನ್ಸುಲಿನ್ನೇ ಈ ಕಾಯಿಲೆಗೆ ಮದ್ದು ಎಂದು ಇದರಿಂದ ಯಾರೂ ತಿಳಿಯಬಾರದು. ಹಸಿವೇ ಕೊಲೆಗಾರನಾದರೆ, ಯಾವ ಜೀನ್ ಕೆಟ್ಟಿದೆ ಎಂದು ಕೇಳದೆ ಶಂಕುಕೋಶಗಳಿಗೆ ಉಣಿಸುವ ಒಂದೇ ಚಿಕಿತ್ಸೆ ಹಲವು ರೋಗಿಗಳಿಗೆ ಆದೀತು ಎಂಬುದು ಇಲ್ಲಿಯ ಆಸೆ. ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೆ ಕಾರಣವಾಗುವ ಜೀನ್‌ಗಳು ಹತ್ತಾರು ಇರುವಾಗ ಇದು ಸಣ್ಣ ಆಸೆಯಲ್ಲ.

ಜೀನನ್ನೇ ಸರಿಪಡಿಸುವ ದಾರಿಯೂ ಇದೇ ಇಲಿಯಿಂದ ಶುರುವಾಯಿತು. ಸಂಶೋಧಕಿ ಜೀನ್ ಬೆನೆಟ್ ಮತ್ತು ಸಂಗಡಿಗರು 1996ರಲ್ಲಿ ಆರ್‌ಡಿ1 ಇಲಿಗಳ ಕಣ್ಣಿಗೆ ಸರಿಯಾದ ಪಿಡಿಇ6ಬಿ ಜೀನನ್ನು ವೈರಸ್ ಮೂಲಕ ಸೇರಿಸಿ, ಕೋಶಗಳ ಸಾವನ್ನು ಕೆಲವು ವಾರ ತಡೆದರು. ಅದೇ ಬೆನೆಟ್ ಮುಂದೆ ಆರ್‌ಪಿಇ65 ಎಂಬ ಬೇರೆ ಜೀನ್‌ನ ಮೇಲೆ ದುಡಿದರು. ಅದರ ಚಿಕಿತ್ಸೆಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಬೆಳಕು ಹಿಡಿಯುವ ಕೋಶಗಳೆಲ್ಲ ಹೋದ ಮೇಲೂ ಅಕ್ಷಿಪಟಲ ಖಾಲಿಯಾಗುವುದಿಲ್ಲ. ಕುರುಡು ಇಲಿಯ ಪಾಪೆ ಬೆಳಕಿಗೆ ಕುಗ್ಗುವುದನ್ನು ಕೀಲರ್ 1927ರಲ್ಲೇ ಗಮನಿಸಿದ್ದರು. ಒಳಪದರದ ಕೆಲವು ಗ್ಯಾಂಗ್ಲಿಯನ್ ಕೋಶಗಳಿಗೆ ತಾವಾಗಿಯೇ ಬೆಳಕು ತಿಳಿಯುತ್ತದೆ ಎಂಬುದು ಖಚಿತವಾದದ್ದು 2002ರ ಹೊತ್ತಿಗೆ. ಆದರೆ ಆ ಪದರ ಸುಮ್ಮನೆ ಕಾಯುತ್ತಲೂ ಕೂರುವುದಿಲ್ಲ. ದಂಡಕೋಶಗಳಿಂದ ಸಂದೇಶ ಪಡೆಯುತ್ತಿದ್ದ ಬೈಪೋಲಾರ್ ಕೋಶಗಳು ತಮ್ಮ ಎಳೆಗಳನ್ನು ಹಿಂದಕ್ಕೆಳೆದುಕೊಳ್ಳುತ್ತವೆ. ತಡವಾದಷ್ಟೂ ಒಳಗಿನ ಸಂಪರ್ಕಜಾಲ ಕಲಸಿಹೋಗುತ್ತದೆ.

ಹೀಗಿದ್ದೂ, ಪಾಚಿಯೊಂದರ ಬೆಳಕು ಹಿಡಿಯುವ ಪ್ರೋಟೀನನ್ನು ಆರ್‌ಡಿ1 ಇಲಿಗಳ ಒಳಪದರಕ್ಕೆ ಸೇರಿಸಿ, ಸತ್ತ ಕಣ್ಣಿನಿಂದ ಮಿದುಳಿಗೆ ಮತ್ತೆ ಸಂಕೇತ ಹೋಗುವುದನ್ನು ಪ್ಯಾನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಹದಿನೈದು ವರ್ಷಗಳ ನಂತರ ಸಾಹೆಲ್ ಅವರ ತಂಡ ಅದೇ ಬಗೆಯ ಪ್ರೋಟೀನನ್ನು 58 ವರ್ಷದ ಒಬ್ಬ ರೋಗಿಯ ಒಂದು ಕಣ್ಣಿಗೆ ಸೇರಿಸಿದ್ದನ್ನು ವರದಿ ಮಾಡಿತು. ಬೆಳಕನ್ನು ಹೆಚ್ಚಿಸಿ ಕೊಡುವ ವಿಶೇಷ ಕನ್ನಡಕ ಹಾಕಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ, ಆತ ಮೇಜಿನ ಮೇಲಿದ್ದ ಪುಸ್ತಕ ಎಲ್ಲಿದೆಯೆಂದು ಕಂಡು ಕೈಯಿಟ್ಟರು, ಲೋಟಗಳನ್ನು ಎಣಿಸಿದರು. ಪುಸ್ತಕ ತೆರೆದು ಓದುವಷ್ಟು ನೋಟ ಅದಾಗಿರಲಿಲ್ಲ.