ಮೌನವೆಲ್ಲ ಮರಣವಲ್ಲ

ಊರಿಗೆ ಫೋನ್ ಮಾಡಿದಿರಿ, ಯಾರೂ ಎತ್ತಲಿಲ್ಲ. ಅಮ್ಮ ಹಿತ್ತಲಲ್ಲಿದ್ದಾರೋ, ಏನಾದರೂ ಆಯಿತೋ? ಮೌನ ಹೇಳುವುದಿಲ್ಲ.

ಬ್ಯಾಂಕಿನ ಒಂದೇ ಲೆಕ್ಕವನ್ನು ಬೇರೆ ಬೇರೆ ಊರುಗಳಲ್ಲಿ ಇಡುವ ಕಂಪ್ಯೂಟರುಗಳಿಗೂ ಇದೇ ಪೇಚು. ಉತ್ತರಿಸದ ಯಂತ್ರ ಕೆಟ್ಟಿತೆಂದು ಮತ್ತೊಂದು ಯಜಮಾನಿಕೆ ವಹಿಸಿಕೊಂಡಿತೆನ್ನಿ. ಬರೀ ತಡವಾಗಿದ್ದ ಮೊದಲನೆಯದು ಮರಳಿದರೆ ಇಬ್ಬರು ಯಜಮಾನರು. ನಿಮ್ಮ ಹಣ ಎರಡು ಸಲ ಪಾವತಿಯಾದೀತು!

ಸಂದೇಶಗಳಿಗೆ ಕಾಲಮಿತಿಯೇ ಇಲ್ಲದಲ್ಲಿ, ಒಂದೇ ಯಂತ್ರ ಕೆಡಬಹುದಾದರೂ, ಒಮ್ಮತವನ್ನು ಖಾತರಿಪಡಿಸುವ ನಿಶ್ಚಿತ ಕ್ರಮವಿಲ್ಲವೆಂದು 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಸಾಧಿಸಿ ತೋರಿಸಿದರು. 1988ರಲ್ಲಿ ಡ್ವರ್ಕ್, ಲಿಂಚ್, ಸ್ಟಾಕ್‌ಮೇಯರ್ ದಾರಿ ಕಂಡರು: ಕಾಲವನ್ನು ನಂಬುವುದು ಕೆಲಸ ಮುಂದುವರಿಯಲು ಮಾತ್ರ, ತೀರ್ಮಾನಕ್ಕೆ ಬಹುಮತವೇ ಆಧಾರ. ಐದರಲ್ಲಿ ಮೂರು ಒಪ್ಪಬೇಕು. ಯಾವ ಎರಡು ಬಹುಮತಗಳಲ್ಲೂ ಒಂದು ಯಂತ್ರವಾದರೂ ಸಮಾನ. ಅದು ಹಿಂದಿನ ಮಾತನ್ನು ಮರೆಯದು.

ಸಂದೇಶ ತಡವಾದರೆ ಕೆಲಸ ನಿಂತೀತು, ಲೆಕ್ಕ ತಪ್ಪದು. ಆ ಕಾಯುವಿಕೆಯೇ ನಿಮ್ಮ ಹಣದ ಕಾವಲು.