ಡಬ್ಬಿಯ ಮೇಲಿನ ಹೆಸರು, ಡಬ್ಬಿಯೊಳಗಿನ ಕಾಗದ

ಮನೆಯ ಕಾಫಿ ಫಿಲ್ಟರಿನ ತೂತುಗಳು ಕೊಂಚ ಅಗಲವಾದರೆ ಅದು ಮರುದಿನ ಬೆಳಿಗ್ಗೆಯೇ ತಿಳಿದುಹೋಗುತ್ತದೆ. ಡಿಕಾಕ್ಷನ್ನಿನಲ್ಲಿ ಚರಟ ಇಳಿಯುತ್ತದೆ, ಲೋಟದ ತಳದಲ್ಲಿ ಕಪ್ಪು ಗಸಿ ನಿಲ್ಲುತ್ತದೆ, ಮನೆಯವರ ಮುಖ ಗಂಟಾಗುತ್ತದೆ. ಮೋಟಾರು ಕಾರಿನಲ್ಲಿಯೂ ಇಂಥದೇ ಒಂದು ಫಿಲ್ಟರ್ ಉಂಟು. ಕಾರುಳ್ಳ ಮನೆಗಳಲ್ಲಿ ಸರ್ವಿಸ್ ಬಿಲ್ಲು ಬಂದಾಗಲೆಲ್ಲ ಅದರ ಹೆಸರು ಕಣ್ಣಿಗೆ ಬೀಳುತ್ತದೆ. ಆದರೆ ಅದು ಹರಿದರೆ ಹೇಳುವವರು ಯಾರೂ ಇಲ್ಲ. ಕಾರು ಎಂದಿನಂತೆ ಓಡುತ್ತದೆ. ಅದರ ಆಯುಸ್ಸು ಮಾತ್ರ ಸದ್ದಿಲ್ಲದೆ ಕರಗುತ್ತದೆ. ಕಣ್ಣಿಗೆ ಕಾಣದ ವಸ್ತುವನ್ನು ಕೊಳ್ಳುವವನು ಏನನ್ನು ನಂಬಬೇಕು? ಹೆಸರನ್ನು. ಆ ಹೆಸರು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದೇ ಇಲ್ಲಿಯ ಪ್ರಶ್ನೆ.

ನೆರಿಗೆಯ ಕಾಗದ

ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗುಗಳ ಮೇಲೆ ನೇರವಾಗಿ ಕೂರುವುದಿಲ್ಲ. ನಡುವೆ ಎಣ್ಣೆಯ ತೆಳುಪೊರೆಯೊಂದು ಅದನ್ನು ಎತ್ತಿ ಹಿಡಿದಿರುತ್ತದೆ. ಆ ಸಂದು ಸಾಮಾನ್ಯವಾಗಿ 25ರಿಂದ 50 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೂದಲೂ ನುಸುಳದ ಈ ಸಂದಿಗೆ ಧೂಳು, ಮಸಿ, ಸವೆದ ಲೋಹದ ಪುಡಿ ಹೊಕ್ಕರೆ ಬೇರಿಂಗಿನ ಮೈಮೇಲೆ ಗೀರು ಬೀಳುತ್ತದೆ.

ಇದನ್ನು ತಡೆಯಲು ಎಣ್ಣೆಯನ್ನು ಸೋಸಬೇಕು. ಡಬ್ಬಿಯ ಅಂಚಿನ ಸಣ್ಣ ತೂತುಗಳಿಂದ ಎಣ್ಣೆ ಒಳನುಗ್ಗುತ್ತದೆ. ಸೀರೆಯ ನೆರಿಗೆಯಂತೆ ಮಡಿಸಿದ, ರಾಳ ಕುಡಿಸಿ ಗಟ್ಟಿಮಾಡಿದ ಕಾಗದವನ್ನು ಹಾಯ್ದು, ನಡುವಿನ ಕೊಳವೆಯ ಮೂಲಕ ಎಂಜಿನ್ನಿಗೆ ಮರಳುತ್ತದೆ. ಒಳಗೆ ಎರಡು ಕವಾಟಗಳೂ ಇರುವುದುಂಟು. ಒಂದು ರಬ್ಬರಿನದು, ಕಾರು ನಿಂತಾಗ ಎಣ್ಣೆ ಹಿಂದಕ್ಕೆ ಸೋರದಂತೆ ಅದು ಕಾಯುತ್ತದೆ. ಇನ್ನೊಂದು ಸ್ಪ್ರಿಂಗಿನದು, ಕಾಗದ ಕಟ್ಟಿಕೊಂಡಾಗ, ಅಥವಾ ಚಳಿಯಲ್ಲಿ ಎಣ್ಣೆ ಮಂದವಾದಾಗ ತೆರೆದುಕೊಂಡು ಸೋಸದ ಎಣ್ಣೆಯನ್ನೇ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆಯ ಎಣ್ಣೆ ಮೇಲೆಂಬುದು ಅದರ ನ್ಯಾಯ.

ತಯಾರಿಕೆಯ ದೋಷಗಳು ನುಸುಳುವುದು ಈ ಕಡೆಗಳಲ್ಲಿಯೇ. ಅಂಟು ಹಿಡಿಯದೆ ಕಾಗದ ತುದಿಯಲ್ಲಿ ಬಿಟ್ಟುಕೊಳ್ಳಬಹುದು. ನೆರಿಗೆಗಳು ಒಂದೆಡೆ ಒತ್ತಾಗಿ ಇನ್ನೊಂದೆಡೆ ವಿರಳವಾಗಿರಬಹುದು. ರಬ್ಬರು ಬೇಗ ಬಿರುಸಾಗಬಹುದು. ಸ್ಪ್ರಿಂಗು ಅರೆತೆರೆದು ನಿಲ್ಲಬಹುದು. ಕಾಗದ ಹರಿದುದಕ್ಕೆ ಕಾರಿನ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದಿಲ್ಲ. ಆ ದೀಪ ನೋಡುವುದು ಎಣ್ಣೆಯ ಒತ್ತಡವನ್ನು. ಹರಿದ ಕಾಗದದ ಮೂಲಕ ಎಣ್ಣೆ ಇನ್ನೂ ಸಲೀಸಾಗಿ ಹರಿಯುವುದರಿಂದ ದೀಪಕ್ಕೆ ಎಲ್ಲವೂ ಕ್ಷೇಮವೆಂದೇ ತೋರುತ್ತದೆ.

ಮುಚ್ಚಿದ ಡಬ್ಬಿ

ಕಾರಿನ ಎಣ್ಣೆಯನ್ನು ಸೋಸುವ ಸಾಧನಕ್ಕೆ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 1923ರಲ್ಲಿ ರೂಪ ಕೊಟ್ಟರು. ‘ಪ್ಯೂರ್ ಆಯಿಲ್ ಲೇಟರ್’ ಎಂಬ ಮೂರು ಮಾತುಗಳನ್ನು ಕೂಡಿಸಿ ಅದಕ್ಕೆ ಪ್ಯೂರೊಲೇಟರ್ ಎಂದು ಹೆಸರಿಟ್ಟರು. 1924ರ ಕ್ರೈಸ್ಲರ್ ಕಾರು ಅದನ್ನು ತೊಟ್ಟು ಬಂತು. ಮುಂದೆ ಬಹುಕಾಲ ಉಕ್ಕಿನ ಪಾತ್ರೆ ಕಾರಿನಲ್ಲಿಯೇ ಉಳಿಯುತ್ತಿತ್ತು. ಒಳಗಿನ ‘ಎಲಿಮೆಂಟ್’ ಮಾತ್ರ ಬದಲಾಗುತ್ತಿತ್ತು. ನಮ್ಮ ಹಳೆಯ ಅಂಬಾಸಡರ್ ಕಾರುಗಳಲ್ಲಿದ್ದುದೂ ಇದೇ ಏರ್ಪಾಡು. ಮೆಕ್ಯಾನಿಕ್ ಪಾತ್ರೆಯನ್ನು ಬಿಚ್ಚಿದಾಗ ಹಳೆಯದರ ಗತಿ, ಹೊಸದರ ಗುಣ ಎರಡೂ ಮಾಲೀಕನ ಕಣ್ಣಮುಂದಿರುತ್ತಿದ್ದವು.

1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ತಿರುಗಿಸಿ ಕೂರಿಸುವ, ಮುಚ್ಚಿ ಮೊಹರಾದ ಡಬ್ಬಿ ಬಂತು. 1983ರಲ್ಲಿ ನಮ್ಮ ಬೀದಿಗಿಳಿದ ಮಾರುತಿ 800 ಕಾರಿನದೂ ಅಂಥದೇ. ಕೆಲಸ ಹಗುರವಾಯಿತು, ಕೈಗಂಟುವ ಕೊಳೆ ಕಡಿಮೆಯಾಯಿತು. ಆದರೆ ಕಾಗದ ಕಣ್ಣಿಂದ ಮರೆಯಾಯಿತು. ಉಳಿದದ್ದು ಬಣ್ಣ ಮತ್ತು ಹೆಸರು.

ಕೊಯ್ದು ನೋಡಿದವರು

ಅಮೆರಿಕದಲ್ಲಿ ಕಾರಿನ ಮೋಹವುಳ್ಳ ಕೆಲವರಿಗೆ ಹಳೆಯ ಫಿಲ್ಟರನ್ನು ಕೊಯ್ದು ನೋಡುವ ಹವ್ಯಾಸವುಂಟು. ಅವರ ನಡುವೆ ಬಹುಕಾಲ ಗೇಲಿಗೆ ಗುರಿಯಾದದ್ದು ಕಿತ್ತಳೆ ಬಣ್ಣದ ಫ್ರ್ಯಾಮ್ ಡಬ್ಬಿ. ಅದರ ಅಗ್ಗದ ಮಾದರಿಯಲ್ಲಿ ನೆರಿಗೆಯ ಎರಡು ತುದಿಗಳಿಗೂ ಲೋಹದ ಬದಲು ರಟ್ಟಿನಂಥ ನಾರಿನ ಮುಚ್ಚಳವಿದ್ದುದೇ ಅದಕ್ಕೆ ಕಾರಣ. ಲೋಹದ ಮುಚ್ಚಳವಿದ್ದ, ಒಳಗಟ್ಟು ದೃಢವಾಗಿ ಕಾಣುತ್ತಿದ್ದ ಪ್ಯೂರೊಲೇಟರನ್ನು ಅವರಲ್ಲಿ ಅನೇಕರು ಮೆಚ್ಚಿ ಕೊಳ್ಳುತ್ತಿದ್ದರು.

2010ರ ದಶಕದ ಮೊದಲರ್ಧದಲ್ಲಿ ಮೆಚ್ಚಿದವರಿಗೇ ಆಶ್ಚರ್ಯ ಕಾದಿತ್ತು. ಕೊಯ್ದು ಬಿಡಿಸಿದ ಹಲವು ಪ್ಯೂರೊಲೇಟರುಗಳಲ್ಲಿ ಕಾಗದ ನೆರಿಗೆಯ ಅಂಚಿನಲ್ಲಿ, ಅದರಲ್ಲಿಯೂ ಜೋಡಣೆಯ ಹೊಲಿಗೆಯ ಬಳಿ, ಉದ್ದಕ್ಕೆ ಹರಿದಿತ್ತು. ಅಗಲವಾಗಿ ಉಳಿದ ನೆರಿಗೆ ಎಣ್ಣೆಯ ಒತ್ತಡಕ್ಕೆ ಮತ್ತೆ ಮತ್ತೆ ಬಾಗಿ ಕಡೆಗೆ ಬಿರಿಯುವುದೆಂದು ಅವರಲ್ಲಿ ಹಲವರು ತರ್ಕಿಸಿದರು. ಚಿತ್ರಗಳು ಊರೂರು ಸುತ್ತಿದವು; ನಿಷ್ಠರಲ್ಲಿ ಎರಡು ಪಂಗಡಗಳಾದವು. “ಇಪ್ಪತ್ತು ವರ್ಷದಿಂದ ಹಾಕುತ್ತಿದ್ದೇನೆ, ಏನೂ ಆಗಿಲ್ಲ” ಎಂದಿತು ಒಂದು. “ಇನ್ನು ಮುಟ್ಟುವುದಿಲ್ಲ” ಎಂದಿತು ಇನ್ನೊಂದು.

ಎರಡೂ ಮಾತುಗಳನ್ನು ತೂಗಿ ನೋಡಬೇಕು. ಹರಿದ ಫಿಲ್ಟರು ತಾನು ಹರಿದಿದ್ದೇನೆಂದು ಹೇಳದಿರುವಾಗ ‘ಏನೂ ಆಗಿಲ್ಲ’ ಎಂಬುದು ಸಾಕ್ಷಿಯಾಗಲಾರದು. ಹಾಗೆಯೇ ಕೊಯ್ದವರು ಕೆಲವರೇ ಆದ್ದರಿಂದ ಲಕ್ಷಗಟ್ಟಲೆ ತಯಾರಾದವೆಲ್ಲ ಹರಿದವೆಂದೂ ಹೇಳಲಾಗದು. ತಿಳಿದುಬಂದದ್ದು ಇಷ್ಟು: ನೋಟಕ್ಕೆ ದೃಢವಾದದ್ದು ಒಳಗೆ ಬಿರಿಯಬಹುದು, ಮತ್ತು ರಟ್ಟಿನ ಮುಚ್ಚಳವನ್ನು ಕಂಡು ನಕ್ಕ ಮಾತ್ರಕ್ಕೆ ಅದರ ಕಾಗದ ಕೆಟ್ಟದೆಂದು ಸಿದ್ಧವಾಗುವುದಿಲ್ಲ.

ಹೆಸರು ಯಾರದು?

ಹೆಸರು ಒಂದೇ ಆದರೂ ಅದರ ಹಿಂದಿನ ಧಣಿ ಬದಲಾಗುತ್ತಿರುತ್ತಾನೆ. ಫ್ರ್ಯಾಮ್ ಎಂಬುದು ಫ್ರ್ಯಾಂಕ್ಲಿನ್ ಮತ್ತು ಆಲ್ಡಮ್ ಎಂಬ ಇಬ್ಬರ ಹೆಸರುಗಳ ತುಣುಕುಗಳಿಂದಾದ ಮಾತು. ಅದು 1967ರಲ್ಲಿ ಬೆಂಡಿಕ್ಸ್ ಕಂಪನಿಯ ಕೈಸೇರಿತು. 1983ರಲ್ಲಿ ಬೆಂಡಿಕ್ಸ್ ಸಮೇತ ಅಲೈಡ್ ಕಂಪನಿಗೆ, 1999ರ ವಿಲೀನದಿಂದ ಹನಿವೆಲ್‌ಗೆ, 2011ರಲ್ಲಿ ರ‍್ಯಾಂಕ್ ಗ್ರೂಪಿಗೆ ಹೋಯಿತು. ಕಿತ್ತಳೆ ಬಣ್ಣ ಮಾತ್ರ ಕದಲಲಿಲ್ಲ. ಪ್ಯೂರೊಲೇಟರನ್ನು 2006ರಲ್ಲಿ ಜರ್ಮನಿಯ ಬಾಷ್ ಮತ್ತು ಮಾನ್ ಹುಮ್ಮೆಲ್ ಕಂಪನಿಗಳು ಜೊತೆಯಾಗಿ ಕೊಂಡವು. 2013ರಲ್ಲಿ ಅದು ಪೂರ್ತಿಯಾಗಿ ಮಾನ್ ಹುಮ್ಮೆಲ್‌ನದಾಯಿತು.

ಈ ಬಾಷ್ ನಮಗೆ ಹೊರಗಿನದಲ್ಲ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು. ಬಡಾವಣೆ ಇಂದಿಗೂ ಮೈಕೋ ಲೇಔಟ್. ಜನರ ನಾಲಗೆ ಹೆಸರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ವ್ಯಾಪಾರಿಗಳು ಬೆಲೆ ಕೊಟ್ಟು ಕೊಳ್ಳುವುದು ಆ ನಾಲಗೆಯ ರೂಢಿಯನ್ನೇ.

ಕಾರಿನ ಕಂಪನಿಗಳ ಮುದ್ರೆಯಿರುವ ‘ಜೆನ್ಯೂಯಿನ್’ ಫಿಲ್ಟರುಗಳೂ ಸಾಮಾನ್ಯವಾಗಿ ಫಿಲ್ಟರ್ ಕಂಪನಿಗಳಲ್ಲಿಯೇ ತಯಾರಾಗುತ್ತವೆ. ಫೋರ್ಡ್ ಕಂಪನಿಯ ಮೋಟಾರ್‌ಕ್ರಾಫ್ಟ್ ಫಿಲ್ಟರುಗಳು ಅಮೆರಿಕದಲ್ಲಿ ಬಹುಕಾಲ ಪ್ಯೂರೊಲೇಟರಿನ ಕಾರ್ಖಾನೆಯಿಂದಲೇ ಬರುತ್ತಿದ್ದವು. ಇನ್ನು ನಕಲಿಯ ಕಾಟ. ಹೆಸರಿಲ್ಲದ ಮಾಲನ್ನು ಯಾರೂ ನಕಲು ಮಾಡುವುದಿಲ್ಲ. ನಕಲಿಯವನ ಬಂಡವಾಳ ನಮ್ಮ ನಿಷ್ಠೆಯೇ. ಬೆಂಗಳೂರಿನ ಜೆ. ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಪರಿಚಯದ ಅಂಗಡಿಯಿಂದ ಬಿಲ್ಲು ಪಡೆದು ಕೊಳ್ಳುವುದು ಪೆಟ್ಟಿಗೆಯ ಬಣ್ಣವನ್ನು ನಂಬುವುದಕ್ಕಿಂತ ಲೇಸು.

ಗೃಹಸ್ಥರ ಪರೀಕ್ಷೆ

ಹಾಗಾದರೆ ಹೆಸರನ್ನು ಬಿಟ್ಟುಬಿಡಬೇಕೆ? ಬೇಡ. ಒಳ್ಳೆಯ ಹೆಸರಿನವನಿಗೆ ಕಳೆದುಕೊಳ್ಳಲು ಏನಾದರೂ ಇರುತ್ತದೆ. ಹೆಸರಿಲ್ಲದವನಿಗೆ ಅದೂ ಇಲ್ಲ. ಆದರೆ ನಂಬಿಕೆಗೆ ಆಗಾಗ ಲೆಕ್ಕ ಕೇಳಬೇಕು.

ಕೊಳ್ಳುವಾಗ ಡಬ್ಬಿಯ ಬಾಯೊಳಗೆ ಇಣುಕಿ ನೋಡಿ. ನಡುವಿನ ಕೊಳವೆಯ ತೂತುಗಳು ಸರಿಯಾಗಿ ತೆರೆದಿವೆಯೆ? ತಿರುಪಿನಲ್ಲಿ ಲೋಹದ ಚೂರಿದೆಯೆ? ರಬ್ಬರಿನ ಉಂಗುರ ಮೆತ್ತಗೆ, ಸಮವಾಗಿ ಕೂತಿದೆಯೆ? ‘ಶೇಕಡ 99 ಶುದ್ಧಿ’ ಎಂಬ ಬರಹವಿದ್ದರೆ, ಎಷ್ಟು ಮೈಕ್ರಾನ್ ಕಣಕ್ಕೆ ಎಂದು ಕೇಳಿ. ಆ ಅಂಕಿಯಿಲ್ಲದೆ ಮೊದಲನೆಯ ಅಂಕಿಗೆ ಅರ್ಥವಿಲ್ಲ. ಹಾಕಿಸುವಾಗ ಹಳೆಯ ಉಂಗುರ ಎಂಜಿನ್ನಿಗೆ ಅಂಟಿಕೊಂಡು ಉಳಿಯದಂತೆ ನೋಡಿಕೊಳ್ಳಿ. ಉಂಗುರದ ಮೇಲೆ ಉಂಗುರ ಕೂತರೆ ಎಣ್ಣೆಯೆಲ್ಲ ರಸ್ತೆಯ ಪಾಲಾಗಬಹುದು. ಆಗ ತಪ್ಪು ಕೈಕೆಲಸದ್ದು, ಬೈಗುಳ ಕಂಪನಿಗೆ. ಪ್ರತಿದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕೆಲವು ಕ್ಷಣ ಗಡಗಡ ಸದ್ದು ಬಂದರೆ ಎಣ್ಣೆ ಕಾಯುವ ರಬ್ಬರು ಸೋತಿರಬಹುದು, ತೋರಿಸಿ.

ಕಡೆಯದಾಗಿ, ಸರ್ವಿಸ್ ಆದ ಮೇಲೆ ಹಳೆಯ ಫಿಲ್ಟರನ್ನು ಕೇಳಿ, ಎಣ್ಣೆ ಬಸಿದು, ಮೆಕ್ಯಾನಿಕ್ಕಿನಿಂದಲೇ ಒಮ್ಮೆ ಕೊಯ್ಯಿಸಿ ನೋಡಿ. ಗರಗಸ ಬೇಡ, ಅದರ ಲೋಹದ ಪುಡಿ ಎಂಜಿನ್ನಿನದೆಂಬ ಭ್ರಮೆ ಹುಟ್ಟಿಸುತ್ತದೆ. ಡಬ್ಬಿ ಕೊಯ್ಯುವ ಕಟರ್ ಇದ್ದರೆ ಸಾಕು. ನೆರಿಗೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಕಾಗದ ಇಡಿಯಾಗಿದ್ದರೆ ಅದೇ ಹೆಸರನ್ನು ಮುಂದಿನ ಸಲವೂ ಧಾರಾಳವಾಗಿ ಕೊಳ್ಳಬಹುದು. ಹರಿದಿದ್ದರೆ ಅಂಗಡಿಯವನ ಮೇಜಿನ ಮೇಲೆ ಅದನ್ನೇ ಇಡಿ. ಈಚಿನ ಕೆಲವು ಕಾರುಗಳು ಮೊಹರಾದ ಡಬ್ಬಿಯನ್ನು ಬಿಟ್ಟು ಮತ್ತೆ ಬಿಚ್ಚಿ ನೋಡಬಹುದಾದ ಪಾತ್ರೆಗೆ ಮರಳಿವೆ. ಅಂಥ ಕಾರು ನಿಮ್ಮದಾದರೆ ಕೊಯ್ಯುವ ಶ್ರಮವೂ ಇಲ್ಲ. ಮೆಕ್ಯಾನಿಕ್ ಮುಚ್ಚಳ ಬಿಚ್ಚುವಾಗ ಹತ್ತಿರ ನಿಂತಿದ್ದರೆ ಸಾಕು.